ಪಕ್ಕದ ಮಂಚದ ಹಸೀನಕ್ಕ

"ಎರಡು ಜಡೆ ಹಾಕ್ಕೊಳ್ರಿ, ಥಿಯೇಟರಿಗೆ ಕರೀತಾರೆ" ಎಂದು ನರ್ಸ್ ಹೇಳಿದಾಗ ನನ್ನ ಕೈಯಿಂದ ಬಾಚಣಿಗೆ ಜಾರಿ ಕೆಳಗೆ ಬಿತ್ತು. ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಅಂದು ನನ್ನ ಅಂಡಾಶಯದ ಗಡ್ಡೆ ತೆಗೆಯುವವರಿದ್ದರು. ಕ್ಯಾನ್ಸರ್ ಇದ್ದರೆ, ಮುಂದೆ ಮಕ್ಕಳಾಗದಿದ್ದರೆ ಎಂಬ ಚಿಂತೆಯಲ್ಲಿ ವಾರದಿಂದ ನಿದ್ದೆ ಹತ್ತಿರಲಿಲ್ಲ.

ಪಕ್ಕದ ಮಂಚದಲ್ಲಿದ್ದ ಮಲೆಬೆನ್ನೂರಿನ ಹಸೀನಕ್ಕ ಎದ್ದು ಬಂದು ಬಾಚಣಿಗೆ ಎತ್ತಿಕೊಂಡರು. ನನ್ನ ನಂತರ ಅವರಿಗೂ ಅದೇ ಆಪರೇಷನ್. ನಾನು ಭಯವನ್ನೆಲ್ಲ ತೋಡಿಕೊಂಡೆ. "ಅಂಜಬ್ಯಾಡವ್ವ. ಸೂಜಿ ಕೊಟ್ಟ ಕೂಡ್ಲೆ ನಿದ್ದೆ ಬರ್ತೈತೆ, ಎದ್ದಾಗ ಎಲ್ಲಾ ಮುಗಿದಿರ್ತೈತೆ" ಎನ್ನುತ್ತ ಸಿಕ್ಕು ಬಿಡಿಸಿ, ನಿಧಾನವಾಗಿ ಜಡೆ ಹೆಣೆದರು. ಅಮ್ಮ ತೀರಿಕೊಂಡ ಮೇಲೆ ಯಾರೂ ನನ್ನ ತಲೆ ಬಾಚಿರಲಿಲ್ಲ. ಭಯ ಸ್ವಲ್ಪ ಇಳಿಯಿತು.

ಹತ್ತು ದಿನದ ನಂತರ ರಿಪೋರ್ಟ್ ತರಲು ಹೋದಾಗ ವೈದ್ಯರ ಕೋಣೆಯ ಹೊರಗೆ ಹಸೀನಕ್ಕ ಮತ್ತೆ ಸಿಕ್ಕರು. ನನ್ನದು ಬರೀ ನೀರಿನ ಗಡ್ಡೆ, ಕ್ಯಾನ್ಸರ್ ಅಲ್ಲವಂತೆ ಎಂದೆ. ಅವರು ನನ್ನ ಕೆನ್ನೆ ಸವರಿದರು.

"ಒಳ್ಳೇದಾತವ್ವ. ನಂದು ಹರಡೈತಂತೆ. ನೀನು ಮನೆಗೆ ಹೋಗಿ ಹೊಟ್ಟೆತುಂಬ ಉಣ್ಣು."

ಹರಿಹರಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಗಂಡ ಖುಷಿಯಿಂದ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದೆ. ಆಪರೇಷನ್ನಿನ ದಿನ ಹಸೀನಕ್ಕನಿಗೂ ಭಯವಾಗುತ್ತಿದೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.