ಗಂಗಕ್ಕನ ಗಸಗಸೆ ಪಾಯಸ

ಅಫೀಮಿಗಾಗಿ ನಡೆದ ಯುದ್ಧಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ. ಅದಕ್ಕೆ ಬೇಕಿದ್ದ ಹಳೆಯ ಸಾಕ್ಷ್ಯಚಿತ್ರದ ರೀಲು ಪುಣೆಯ ಒಂದು ಚಿತ್ರಸಂಗ್ರಹದಲ್ಲಿತ್ತು. ನೋಡಲು ಸಿಕ್ಕಿದ್ದು ಒಂದೇ ಮಧ್ಯಾಹ್ನ.

ಅಲ್ಲಿ ರೀಲು ಓಡಿಸುವವರು ವಿಜಯಪುರ ಕಡೆಯ ಗಂಗಕ್ಕ. ನನ್ನ ಹರಕು ಮರಾಠಿ ಕೇಳಲಾರದೆ ಕನ್ನಡಕ್ಕೆ ಇಳಿದವರು, ಊಟದ ಹೊತ್ತಿಗೆ ತಮ್ಮ ಡಬ್ಬಿಯನ್ನೇ ನನ್ನ ಮುಂದಿಟ್ಟರು. ಹಿಂದಿನ ದಿನ ಅವರ ಮನೆಯಲ್ಲಿ ಹಬ್ಬವಂತೆ.

"ಪಾಯಸ ಬೇಡ ಅಕ್ಕಾ, ನಿದ್ದೆ ಬರುತ್ತೆ" ಅಂದೆ.

"ಅಫೀಮು ಕೊಡೋ ಗಸಗಸಿ ಗಿಡದ ಮ್ಯಾಲೆ ಬರ್ಯಾಕ ಬಂದೀರಿ, ಗಸಗಸಿ ಪಾಯಸ ಒಲ್ಲೆ ಅಂದ್ರ ಹ್ಯಾಂಗ್ರಿ?"

ಎರಡು ಬಟ್ಟಲು ಕುಡಿದೆ. ಆಮೇಲೆ ಕತ್ತಲೆ ಕೋಣೆ, ಎ.ಸಿ. ತಂಪು, ಯಂತ್ರದ ಜೋಗುಳ. ಹೂಬಿಟ್ಟ ಅಫೀಮಿನ ಹೊಲಕ್ಕೆ ಸೈನಿಕರು ನುಗ್ಗಿದ್ದಷ್ಟೇ ನೆನಪು.

ಎಚ್ಚರವಾದಾಗ ಹೆಗಲ ಮೇಲೆ ಗಂಗಕ್ಕನ ಸ್ವೆಟರ್ ಇತ್ತು. ಪರದೆಯ ಮೇಲೆ ಅದೇ ಸೈನಿಕರು, ಎತ್ತಿದ ಕಾಲು ಎತ್ತಿದಂತೆಯೇ ನಿಂತಿದ್ದರು.

"ನಿಮಗ ನಿದ್ದಿ ಹತ್ತಿತ್ರಿ. ಅದಕ್ಕ ಲಡಾಯಿ ನಿಲ್ಲಿಸೀನಿ. ತಡ ಆದ್ರ ಆಗ್ಲಿ, ಪೂರಾ ನೋಡೇ ಹೋಗ್ರಿ" ಅಂದರು.

ಈ ಗಿಡದಿಂದ ಹೊತ್ತಿಕೊಂಡ ಯುದ್ಧಗಳಿವೆ, ನಿಂತ ಯುದ್ಧ ಒಂದೂ ಇಲ್ಲ ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದುಬಿಟ್ಟಿದ್ದೆ.