ಮೀಸೆಯ ಕೆಳಗಿನ ಮಾತು

"ಅಕ್ಕಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡ್ರಿ. ಮೀಸೆ ವಿಷಯ ಮಾತ್ರ ಬಾಯಿ ಬಿಡಬ್ಯಾಡ್ರಿ!"

ನರ್ಸ್ ಅಂಕಿತಾ ಹೀಗೆ ಪಿಸುಗುಡುವಾಗ ಬೆಳಗಿನ ಆರು ಗಂಟೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಹತ್ತಿರದ ಒಂದು ಆಸ್ಪತ್ರೆ, ಅದರ ಗಂಟಲು ವಾರ್ಡು. ನೆಲ ಒರೆಸುತ್ತಿರುವ ಉಡಚಮ್ಮ ಮಾಪ್ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಹರಿಹರದಿಂದ ಮೊದಲ ಬಸ್ಸಿಗೆ ಬಂದವರು. ನೀಲಿ ಕೋಟಿನ ಕೆಳಗೆ ಇವತ್ತು ಮದುವೆ ಮನೆಗೆ ಉಡುವ ಸೀರೆ ಇದೆ. ಹನ್ನೊಂದಕ್ಕೆ ಸಂದರ್ಶನ. ಗೆದ್ದರೆ ಮಾಪ್ ಬಿಟ್ಟು, ಧ್ವನಿ ನಿಂತುಹೋದ ರೋಗಿಗಳ ಮಾತನ್ನು ಡಾಕ್ಟರಿಗೆ ಮುಟ್ಟಿಸುವ ಕೆಲಸ. ಇಲ್ಲದಿದ್ದರೆ ನಾಳೆಯೂ ಇದೇ ನೆಲ.

"ಮುಚ್ಚಿಟ್ಟು ಕೆಲಸ ತಗಂಡೆ ಅನ್ಕೋ. ನಾಳೆ ಮೀಸೆ ಇರೋರೇ ಬಂದ್ರೆ? ಅವರ ಮುಂದೆ ಕೂತು ಹಲ್ಲು ಕಿರೀಲೇನೆ?" ಎನ್ನುತ್ತಾರೆ ಉಡಚಮ್ಮ.

"ಅದು ನಾಳೆ ಮಾತು. ಮೊದ್ಲು ಇವತ್ತಿನ ಮಾತು ನೋಡ್ರಿ."

ಈ ವಾರ್ಡಿನಲ್ಲಿ ಮಾತೇ ದೊಡ್ಡ ಸಮಸ್ಯೆ. ಗಂಟಲಿನ ಆಪರೇಷನ್ ಆದವರಿಗೆ ಕತ್ತಿನಲ್ಲಿ ನಳಿಕೆ ಇಟ್ಟಿರುತ್ತಾರೆ. ತುಟಿ ಆಡುತ್ತದೆ, ಧ್ವನಿ ಬರುವುದಿಲ್ಲ. ಕೆಲವರಿಗೆ ಬರೆಯಲು ಬಾರದು, ಬರುವವರ ಕೈಗೆ ಡ್ರಿಪ್ ಚುಚ್ಚಿರುತ್ತದೆ. ಏನೋ ಕೇಳುತ್ತಾರೆ, ಯಾರಿಗೂ ತಿಳಿಯುವುದಿಲ್ಲ, ಕೊನೆಗೆ ಸಿಟ್ಟಿನಿಂದ ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಉಡಚಮ್ಮನಿಗೆ ತಿಳಿಯುತ್ತದೆ, ಅವರು ತುಟಿ ನೋಡಿ ಮಾತು ಹೇಳಬಲ್ಲರು.

ಎಲ್ಲಿ ಕಲಿತರು? ನಡುವಯಸ್ಸಿನ ಈ ಹೆಂಗಸು ಮದುವೆಗೂ ಮುಂಚೆಯೇ ಒಂದು ನೂಲಿನ ಗಿರಣಿ ಸೇರಿದ್ದರು. "ಅಲ್ಲಿ ಕಿವಿ ಅನ್ನೋದು ಬರೇ ಓಲೆ ಹಾಕ್ಕೊಳ್ಳಾಕಿತ್ತು" ಎಂದು ನಗುತ್ತಾರೆ. "ಮಿಷನ್ ಶುರುವಾದ್ರೆ ಪಕ್ಕದಾಗ ನಿಂತೋರು ಕೂಗಿದ್ರೂ ಕೇಳಾದಿಲ್ಲ. ನಾನು ಕಿರುಚಿ ಕಿರುಚಿ ಗಂಟಲು ಕಟ್ಟಿಸ್ಕೊಂಡಿದ್ದೆ. ಚಾ ಕುಡಿಯಾಕ ಹೊರಗೆ ಬಂದಾಗ ದಿಲ್ಷಾದಕ್ಕ ಬೈದ್ರು. 'ಏ ಹುಚ್ಚಿ, ಸದ್ದಿನ ಜತೆ ಜಗಳಾಡಬ್ಯಾಡ, ನನ್ನ ಬಾಯಿ ನೋಡು' ಅಂದ್ರು."

ಹಳೆಯ ಕೆಲಸಗಾರ್ತಿ ದಿಲ್ಷಾದ್ ಬೇಗಂ ಹಾಗೆ ಕೈ ಹಿಡಿದು ಕಲಿಸಿದರು. ಮಿಷನ್ನಿನ ಆಚೆಯಿಂದ ಅತ್ತೆಯ ದೂರು, ಮಗಳ ಜ್ವರ, ಸೂಪರ್‌ವೈಸರ್ ಮೇಲಿನ ಚಾಡಿ, ಎಲ್ಲವೂ ತುಟಿಯಲ್ಲೇ ದಾಟುತ್ತಿತ್ತು. "ಅವನ ಎದುರಿಗೇ ಅವನ್ನ ಬೈತಿದ್ವಿ ನೋಡ್ರಿ. ಪಾಪ, ತಲೆ ಅಲ್ಲಾಡಿಸ್ತಿದ್ದ."

ಗಿರಣಿ ಮುಚ್ಚಿತು. ಉಡಚಮ್ಮ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಪ್ರಶ್ನೆ: ಏನು ಬರುತ್ತಮ್ಮಾ? ಅವರದ್ದೂ ಒಂದೇ ಉತ್ತರ: ಏನೂ ಬರಲ್ರಿ. ಈ ಆಸ್ಪತ್ರೆಯಲ್ಲೂ ಹಾಗೇ ಹೇಳಿದರು, ಕೈಗೆ ಮಾಪ್ ಬಂತು.

"ಸುಳ್ಳು ಹೇಳಲಿಲ್ರಿ. ಹಂಗೇ ಅನ್ಕಂಡಿದ್ದೆ. ಉಸಿರಾಡಾಕ ಬರ್ತೈತೆ ಅಂತ ಯಾರಾದ್ರೂ ಹೇಳ್ಕೊಂತಾರಾ?"

ಹೋದ ವರ್ಷ ಒಂದು ದಿನ ಮಂಚದ ಕೆಳಗೆ ಒರೆಸುತ್ತಿದ್ದಾಗ, ರೋಗಿಯೊಬ್ಬರು ಮಗನಿಗೆ ಏನೋ ಹೇಳಲು ಒದ್ದಾಡುತ್ತಿದ್ದರು. ಉಡಚಮ್ಮ ತಲೆ ಎತ್ತಿ ನೋಡಿ, "ಫ್ಯಾನ್ ಕಮ್ಮಿ ಮಾಡು ಅಂತಿದ್ದಾರಪ್ಪ" ಎಂದು ಮತ್ತೆ ಒರೆಸತೊಡಗಿದರು. ಅಲ್ಲಿಂದ ನರ್ಸುಗಳು ಕರೆಯಲು ಶುರು: ಅಕ್ಕಾ, ಇಲ್ಲಿ ಒಂಚೂರು ಬರ್ರಿ.

ಇಲ್ಲಿಗೇ ಕಥೆ ಮುಗಿದಿದ್ದರೆ ಇದು ಬರೀ ಅದೃಷ್ಟದ ಮಾತಾಗುತ್ತಿತ್ತು. ಆದರೆ ನಡುವೆ ಬಂಗಾರಪ್ಪ ಬಂದರು.

ಹರಿಹರದಲ್ಲಿ ಬಾಳೆಹಣ್ಣಿನ ಗಾಡಿ ಇಟ್ಟುಕೊಂಡಿದ್ದವರು ಬಂಗಾರಪ್ಪ. ಆಪರೇಷನ್ ಆದ ಮರುದಿನ ಒಂದೇ ಮಾತು ಆಡುತ್ತಿದ್ದರು. ಉಡಚಮ್ಮ ನೋಡಿ, "ಯಾರ ಪಾಳಿ ಅಂತ ಕೇಳ್ತಿದ್ದಾರೆ" ಎಂದರು. ನರ್ಸು ಬಂದು ತನ್ನ ಪಾಳಿ ಎಂದಳು. ಬಂಗಾರಪ್ಪ ತಲೆ ಚಚ್ಚಿಕೊಂಡರು. ಮತ್ತೆ ಅದೇ ಮಾತು, ಮತ್ತೆ ಅದೇ ಉತ್ತರ. ಸಂಜೆ ಹೆಂಡತಿ ಬಂದ ಮೇಲೆ ತಿಳಿಯಿತು, ಅವರು ಹೇಳುತ್ತಿದ್ದುದು ಪಾಳಿ ಅಲ್ಲ, ಬಾಳಿ, ಅಂದರೆ ಬಾಳೆಹಣ್ಣು. ಗಾಡಿಯಲ್ಲಿ ಬಿಟ್ಟುಬಂದ ಹಣ್ಣು ಕೊಳೆಯುತ್ತದೆ, ಯಾರಿಗಾದರೂ ಕೊಟ್ಟುಬಿಡಿ ಎಂದು ದಿನವಿಡೀ ಅಂಗಲಾಚಿದ್ದರು.

"ಪ, ಬ, ಮ ಮೂರಕ್ಕೂ ತುಟಿ ಒಂದೇ ನಮೂನಿ ಕೂಡ್ತಾವೆ" ಎಂದು ಉಡಚಮ್ಮ ಮಾಡಿ ತೋರಿಸುತ್ತಾರೆ. "ಆದ್ರೆ ತಪ್ಪು ತುಟೀದಲ್ರಿ, ನಂದು. ಗಿರಣಿಯಾಗ ದಿನಾ ಪಾಳಿ ಪಾಳಿ ಅಂತಿದ್ದೆ. ಅವರ ಬಾಯಾಗೂ ನನ್ನ ಮಾತೇ ಕಂಡೆ."

ಅವತ್ತಿನಿಂದ ಅವರು ತಮ್ಮನ್ನೇ ಪರೀಕ್ಷೆಗೆ ಹಚ್ಚಿಕೊಂಡರು. ಮನೆಯಲ್ಲಿ ಟಿವಿಯ ಧ್ವನಿ ತೆಗೆದು ವಾರ್ತೆ ನೋಡುವುದು, ತನಗೆ ತಿಳಿದದ್ದನ್ನು ಹೇಳುವುದು, ಆಮೇಲೆ ಧ್ವನಿ ಕೊಟ್ಟು ಸರಿಯೇ ಎಂದು ಕೇಳುವುದು. ಬಸ್ಸಿನ ಕಿಟಕಿಯಿಂದ ಸ್ಟ್ಯಾಂಡಿನಲ್ಲಿ ನಿಂತವರ ಮಾತು ಹಿಡಿಯುವುದು. ಆಗ ಈ ಹುದ್ದೆ ಇರಲಿಲ್ಲ, ಬರುತ್ತದೆಂದು ಯಾರೂ ಹೇಳಿರಲೂ ಇಲ್ಲ. ಆದರೂ ಒಂದೊಂದೇ ಗೊತ್ತಾಯಿತು: ಉರ್ದು ಅರ್ಧ ಮಾತ್ರ ಹಿಡಿಯುತ್ತೇನೆ. ಹಲ್ಲಿಲ್ಲದವರದು ನಿಧಾನ. ಮೇಲ್ತುಟಿ ಮುಚ್ಚುವ ಮೀಸೆ ಇದ್ದರೆ ಏನೂ ತಿಳಿಯುವುದಿಲ್ಲ.

"ನಮ್ಮನೆಯವ್ರದ್ದೂ ದಪ್ಪ ಮೀಸೆ. ಅದಕ್ಕೇ ಮನ್ಯಾಗ ಅವರ ಮಾತು ನಡೆಯಾದಿಲ್ಲ!"

ಹನ್ನೊಂದು ಗಂಟೆ. ಮೇಜಿನ ಆಚೆ ಡಾಕ್ಟರ್ ಪುಷ್ಪಲತಾ, ಪಕ್ಕದಲ್ಲಿ ಆಡಳಿತ ನೋಡಿಕೊಳ್ಳುವ ಕೊಟ್ರೇಶ್. ಬಾಗಿಲ ಸಂದಿಯಲ್ಲಿ ಅಂಕಿತಾಳ ಕಣ್ಣು.

"ಏನು ಬರುತ್ತೆ ಉಡಚಮ್ಮಾ ನಿಮಗೆ?" ಎಂದು ಡಾಕ್ಟರ್ ಕೇಳುತ್ತಾರೆ.

ಹಳೇ ಪ್ರಶ್ನೆ. ಉಡಚಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾರೆ. "ತುಟಿ ನೋಡಿ ಮಾತು ಹೇಳಾಕ ಬರ್ತೈತ್ರಿ. ಎಲ್ಲಾರ್ದೂ ಬರಲ್ಲ."

ಕೊಟ್ರೇಶ್ ಧ್ವನಿಯಿಲ್ಲದೆ ಏನೋ ಹೇಳುತ್ತಾರೆ. ಅವರದೂ ತುಟಿ ಮೇಲೆ ಇಳಿಬಿದ್ದ ಮೀಸೆ.

"ತಿಳೀಲಿಲ್ರಿ ಸರ್. ಮೀಸೆ ಅಡ್ಡ ಐತೆ."

ಬಾಗಿಲ ಆಚೆ ಅಂಕಿತಾ ಹಣೆ ಹಣೆ ಬಡಿದುಕೊಳ್ಳುತ್ತಾಳೆ. ಡಾಕ್ಟರ್ ತುಟಿ ಆಡಿಸುತ್ತಾರೆ. "ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದ್ದೀನಿ ಅಂದ್ರಿ. ಹೌದಾ ಅಲ್ಲಾ, ತಲೆ ಆಡ್ಸ್ರಿ ಮೇಡಂ. ಕೇಳದೆ ನಾನು ಮುಂದಕ್ಕೆ ಹೋಗಾದಿಲ್ಲ." ಡಾಕ್ಟರ್ ನಗುತ್ತಾ ತಲೆ ಆಡಿಸುತ್ತಾರೆ.

"ಹಂಗಾದ್ರೆ ಅರ್ಧ ಊರಿಗೆ ನೀವು ಉಪಯೋಗ ಇಲ್ಲ ಅಂದಂಗಾತು" ಎನ್ನುತ್ತಾರೆ ಕೊಟ್ರೇಶ್, ಮೀಸೆ ಸವರಿಕೊಳ್ಳುತ್ತಾ.

"ಆಪರೇಷನ್ ಆದ್ಮೇಲೆ ಕರದ್ರೆ ಉಪಯೋಗಿಲ್ರಿ. ಮುಂಚೇನೇ ಕಳಿಸ್ರಿ. ಧ್ವನಿ ಇದ್ದಾಗ ಒಂದಿಷ್ಟು ಮಾತಾಡಿದ್ರೆ ಬಾಯಿ ಪರಿಚಯ ಆಗ್ತೈತೆ. ಆಮೇಲೆ ಕೆಳಗಿನ ತುಟಿ, ಗಲ್ಲ, ಕಣ್ಣು ನೋಡ್ಕೊಂಡು ಅರ್ಧ ಆದ್ರೂ ಹಿಡೀತೀನಿ."

ಡಾಕ್ಟರ್ ಪೆನ್ನು ಕೆಳಗಿಡುತ್ತಾರೆ. ಧ್ವನಿ ಹೋಗುವ ಮುಂಚೆ ರೋಗಿಯ ಜತೆ ಯಾರಾದರೂ ಕೂತು ಹರಟಬೇಕು ಎಂದು ಈ ವಾರ್ಡಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಕೊನೆಗೆ ಕೊಟ್ರೇಶ್ ಹೇಳುತ್ತಾರೆ: "ಒಂದು ತಿಂಗಳು ನೋಡೋಣ. ನಾಳೆ ಆನಗೋಡಿನ ಮುರುಗೇಶಪ್ಪನವರ ಆಪರೇಷನ್ ಐತೆ. ಅವರಿಂದಲೇ ಶುರು ಮಾಡ್ರಿ. ಮೀಸೆ ಹೆಂಗೈತೆ ಅಂತ ಹೋಗಿ ನೋಡ್ರಿ ಮೊದ್ಲು."

ಮುರುಗೇಶಪ್ಪ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಬದುಕಿದವರು. ಆ ಧ್ವನಿ ಈಗ ಗೊಗ್ಗರು, ನಾಳೆಯಿಂದ ಅದೂ ಇಲ್ಲ. ಮೀಸೆ ಮಾತ್ರ ಮೇಲ್ತುಟಿಯನ್ನು ಪೂರಾ ಮುಚ್ಚಿ ಕಿವಿಯ ಕಡೆಗೆ ಏರಿ ನಿಂತಿದೆ. ಉಡಚಮ್ಮ ಮಧ್ಯಾಹ್ನವೆಲ್ಲ ಅವರೆದುರು ಕೂತು ಮಾತಾಡಿಸುತ್ತಾರೆ. ಬಂಗಾರಪ್ಪನ ಬಾಳಿ-ಪಾಳಿ ಕಥೆ ಕೇಳಿ ಮುರುಗೇಶಪ್ಪ ಕೆಮ್ಮು ಬರುವವರೆಗೆ ನಗುತ್ತಾರೆ.

"ಹಂಗಾರೆ ಮೀಸೆ ತೆಗಿ ಅಂತೀಯೇನವ್ವಾ?"

"ನಾನ್ಯಾಕ ಅನ್ಲಿ? ನಿಮ್ಮ ಮೀಸೆ ನಿಮಗಿರ್ಲಿ ಯಜಮಾನ್ರೇ. ನಾನು ಕೆಳಗಿಂದ ಇಣುಕ್ತೀನಿ."

"ಇದನ್ನ ನಮ್ಮ ನಿರ್ಮಲಾನೂ ಮುಟ್ಟಂಗಿಲ್ಲ, ತಿಳ್ಕೋ!" ಪಕ್ಕದಲ್ಲಿ ಕೂತ ಹೆಂಡತಿ ನಿರ್ಮಲಮ್ಮ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಗುವೋ ಅಳುವೋ ಹೇಳುವುದು ಕಷ್ಟ.

ಮರುದಿನ ಬೆಳಿಗ್ಗೆ ಸ್ಟ್ರೆಚರ್ ವಾರ್ಡಿನಿಂದ ಹೊರಬರುತ್ತದೆ. ಆಪರೇಷನ್ನಿಗೆಂದು ಕತ್ತು, ಗಲ್ಲ ಬೋಳಿಸಲು ಕ್ಷೌರಿಕ ಬಂದಿದ್ದರಂತೆ. ಮೇಲಿನದನ್ನೂ ತೆಗೆದುಬಿಡು ಎಂದರಂತೆ ಮುರುಗೇಶಪ್ಪ. ಮೀಸೆ ಇದ್ದ ಜಾಗ ಮಾತ್ರ ಬಿಸಿಲು ಕಾಣದೆ ಬೆಳ್ಳಗಿದೆ. ಉಡಚಮ್ಮನನ್ನು ಕಂಡು ಅವರು ಕೈ ಎತ್ತಿ ಸ್ಟ್ರೆಚರ್ ನಿಲ್ಲಿಸುತ್ತಾರೆ. ಗಂಟಲಿನಲ್ಲಿ ಧ್ವನಿ ಇನ್ನೂ ಇದೆ, ಆದರೆ ಬಳಸುವುದಿಲ್ಲ. ಬರೀ ತುಟಿ ಆಡಿಸುತ್ತಾರೆ.

ಉಡಚಮ್ಮ ಬಗ್ಗಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಪಾಳಿನೋ, ಬಾಳಿನೋ? ಕೈ ಮಾಡಿ ತೋರ್ಸ್ರಿ."

ತುಂಟ ನಗೆ ನಕ್ಕು ಮುರುಗೇಶಪ್ಪ ಮಣಿಕಟ್ಟಿನ ಮೇಲೆ, ಗಡಿಯಾರ ಇರುವ ಜಾಗದಲ್ಲಿ, ಬೆರಳಿಂದ ತಟ್ಟುತ್ತಾರೆ.

"ಯಾರ ಪಾಳಿ ಅಂತೀರಾ? ನಂದೇ ರಿ. ನೀವು ಎಚ್ಚರ ಆದಾಗ್ಲೂ ನಂದೇ."

ಸ್ಟ್ರೆಚರ್ ಹೊರಡುತ್ತದೆ. ದಾರಿಗೆ ಅಡ್ಡವಿದ್ದ ನೀರಿನ ಬಕೆಟ್ಟನ್ನು ಅಂಕಿತಾ ಕಾಲಿನಿಂದ ಗೋಡೆಯ ಕಡೆ ಸರಿಸುತ್ತಾಳೆ.