ಗ್ಲಾಸಿನ ತಳದ ಚಹಾಪುಡಿ

ಮೊನ್ನೆ ಲಿಂಗಸುಗೂರಿನ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲಿನ ಗುಂಡು ನೇತಾಡುತ್ತಿತ್ತು. ಮೈತುಂಬ ಸಣ್ಣ ತೂತು, ತುದಿಗೆ ಸರಪಳಿ.

"ಬಿರ್ಯಾನಿಗೆ ಮಸಾಲಿ ಹಾಕಾಕ್ರೀ," ಎಂದ ಅಂಗಡಿಯವ. ಚಹಾಕ್ಕೆ ಎಂದೆ. ನಕ್ಕ. ವಾದಿಸಬೇಕೆನಿಸಲಿಲ್ಲ, ನನ್ನ ಮಟ್ಟಿಗೆ ಅದು ಅಪರೂಪ.

ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಗೆ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಬಂಗಾಳಿ ಅಜ್ಜಿಯ ಬಳಿ ಇಂಥದೇ ಗುಂಡಿತ್ತು. ಅದಕ್ಕೆ ಎಲೆ ಚಹಾ ತುಂಬಿ, ಬಿಸಿನೀರಿನ ಗ್ಲಾಸಿಗೆ ಇಳಿಬಿಟ್ಟು, ಬಣ್ಣ ಬಿಡುವ ತನಕ ಸುಮ್ಮನೆ ಕೂರುತ್ತಿದ್ದರು. ಎಲೆ ಬರುತ್ತಿದ್ದದ್ದು ಅಸ್ಸಾಮಿನ ತಂಗಿಯಿಂದ, ಬಟ್ಟೆಯಲ್ಲಿ ಹೊಲಿದ ಪಾರ್ಸಲ್ಲಿನಲ್ಲಿ. ದೇಶ ಬಿಟ್ಟು ಬಂದಾಗ ಅಕ್ಕ ಇಲ್ಲಿಗೆ, ತಂಗಿ ಅಲ್ಲಿಗೆ. ಮತ್ತೆ ಭೇಟಿಯಾಗಲೇ ಇಲ್ಲ...

ಚರ್ಚಾಸ್ಪರ್ಧೆಗಳ ಹುರುಪಿನಲ್ಲಿದ್ದ ನಾನು ಬಿಡುತ್ತಿರಲಿಲ್ಲ. "ಕುದಿಸಿದ್ರೂ ಚಾನೇ, ಅದ್ದಿದ್ರೂ ಚಾನೇ. ರುಚಿ ಬ್ಯಾರೆ ಅನ್ನಾಕ ಪುರಾವೆ ಏನೈತ್ರೀ?"

"ಬಾಯಿ ಮುಚ್ಚಿ ಕುಡಿಯವ್ವಾ, ವಕೀಲಮ್ಮ."

"ಬಾಯಿ ಮುಚ್ಚಿ ಹ್ಯಾಂಗ ಕುಡೀಲಿ?"

ತಂಗಿ ತೀರಿಕೊಂಡ ಸುದ್ದಿ ಅಜ್ಜಿಯ ಮಗನ ಫೋನಿಗೆ ಬಂತು. ಅಜ್ಜಿಗೆ ಹೃದಯದ ತೊಂದರೆಯಿತ್ತು. ತಿಳಿಸಬಾರದೆಂದು ಮಗ ನಿರ್ಧರಿಸಿದರು. ತಂಗಿಗಾಗಿ ಅಳುವ ಹಕ್ಕು ಅವರದು, ತಡೆಯಲು ನೀವು ಯಾರು ಎಂದು ಜಗಳಕ್ಕೇ ನಿಂತೆ.

"ನಿನ್ನ ಮಾತು ಖರೇ ಐತಿ. ಅವ್ವಗ ಏನರ ಆದ್ರ ನೀ ಜವಾಬು ಕೊಡ್ತೀಯೇನು?"

ಸೋತದ್ದು ನಾನು.

ಅಷ್ಟರಲ್ಲಿ ಡಬ್ಬಿಯ ಎಲೆ ಮುಗಿಯಿತು. ಮಗ ಪೇಟೆಯಿಂದ ಚಹಾ ತಂದು, ಹಳೆಯ ಪಾರ್ಸಲ್ಲಿನ ಬಟ್ಟೆಯಲ್ಲೇ ಹೊಲಿದು, ತಂಗಿ ಕಳಿಸಿದ್ದೆಂದು ಕೊಟ್ಟರು. ಕ್ಯಾಂಪಿನಲ್ಲೇ ಹುಟ್ಟಿ ನಮ್ಮಂತೆ ಹಾಲಿನ ಚಹಾದ ಮೇಲೆ ಬೆಳೆದ ಮನುಷ್ಯ. ಎಲೆಗೂ ಪುಡಿಗೂ ಏನು ಫರಕು ಎಂದು ಯೋಚಿಸಲೇ ಇಲ್ಲ.

ಅಜ್ಜಿ ಗುಂಡು ತುಂಬಿ ನೀರಿಗಿಳಿಸಿದರು. ಪುಡಿ ತೂತುಗಳಿಂದ ಸೋರಿ ತಳದಲ್ಲಿ ಕರಿ ಗಷ್ಟಾಯಿತು. ಮಗ ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಗ್ಲಾಸನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಗಷ್ಟುಸಮೇತ ಕುಡಿದರು.

"ಚಲೋ ಐತಿ. ಈ ಸಲ ಪುಡಿ ಕಳಿಸ್ಯಾಳ."

ಮಗ ನಿರಾಳವಾಗಿ ಒಳಗೆ ಹೋದರು. ಅಜ್ಜಿ ಗುಂಡು ಒರೆಸುತ್ತ, ನನ್ನ ಕಡೆ ತಿರುಗದೆ, ಮೆಲ್ಲಗೆ ಕೇಳಿದರು: "ಯಾವಾಗ ಹೋದ್ಳು?"

ಹೇಳಿದೆ.

"ನನಗ ಗೊತ್ತಾತಂತ ಅವಗ ಹೇಳಬ್ಯಾಡ. ಅಂವ ತಾಳಾಂಗಿಲ್ಲ."

ದಿನವೂ ಅದೇ ಪುಡಿ ಕುಡಿದರು. ಅತ್ತದ್ದನ್ನು ಯಾರೂ ಕಾಣಲಿಲ್ಲ... ಆ ಡಬ್ಬಿ ಮುಗಿಯುವ ಮೊದಲೇ ಅವರೂ ಹೋದರು.

"ಅವ್ವ ತಿಳೀದಂಗ ಹೋದ್ಳು, ಅಷ್ಟರ ಆತು," ಎಂದು ಮಗ ಸಿಕ್ಕಾಗಲೆಲ್ಲ ಅನ್ನುತ್ತಿದ್ದರು. ಹೂಂ ಅನ್ನುತ್ತಿದ್ದೆ. ಈ ವರ್ಷ ಅವರೂ ತೀರಿಕೊಂಡರು, ಹಾಗೆಂದು ನಂಬಿಕೊಂಡೇ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗುಂಡು ಕೊಂಡು ತಂದೆ. ನಮ್ಮ ಮನೆಯಲ್ಲಿ ಇರುವುದು ಪುಡಿಯೇ. ಅದನ್ನೇ ತುಂಬಿ ಇಳಿಬಿಟ್ಟಿದ್ದೇನೆ; ಸೋರುತ್ತಿದೆ.